ಮಕಾವ್ ಮರಿಗೆ 386 ಬಾರಿ ಕೈತುತ್ತು

ನಮ್ಮಲ್ಲಿರುವ ಮಕಾವ್ ಗಿಳಿಗಳನ್ನು ನೋಡಿದವರು ಮೊದಲು ಕೇಳುವುದು ಬೆಲೆ. "ಒಂದು ಮರಿಗೆ ಇಷ್ಟು ಸಿಗ್ತದಾದ್ರೆ ಅಡಿಕೆ ಯಾಕೆ ಮಾರಾಯ್ರೇ?" ಎಂದು ನಗುತ್ತಾರೆ. ಮರಿಯ ಬೆಲೆ ಒಂದು ಒಳ್ಳೆಯ ಕರೆಯುವ ಹಸುವಿನ ಬೆಲೆಯನ್ನು ಮೀರುತ್ತದೆ, ಅದು ನಿಜ. ಆದರೆ ಆ ಮರಿ ಬದುಕಿ, ಬೆಳೆದು, ತಾನಾಗಿ ತಿನ್ನುವವರೆಗೆ ಮನೆಯವರ ನಿದ್ದೆ ಎಷ್ಟು ಹೋಗುತ್ತದೆ ಎಂದು ಯಾರೂ ಕೇಳುವುದಿಲ್ಲ. 2024ರ ಮಳೆಗಾಲದಲ್ಲಿ ಒಂದು ಸೊರಗಿದ ಮರಿಯನ್ನು ಕೈತುತ್ತು ಕೊಟ್ಟು ಬೆಳೆಸಿದ ಅನುಭವ ನಮ್ಮದು. ದಿನವೂ ಬರೆದಿಟ್ಟ ಪುಸ್ತಕ ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಾನು ಬಂಟ್ವಾಳ ತಾಲೂಕಿನ ಎರಡು ಎಕ್ರೆ ಅಡಿಕೆ ತೋಟದ ಕೃಷಿಕ. ಹಕ್ಕಿ ಸಾಕುವುದು ನನ್ನ ಕಸುಬಲ್ಲ. ಬೆಂಗಳೂರಿನಲ್ಲಿದ್ದ ಭಾವ 2019ರಲ್ಲಿ ವಿದೇಶಕ್ಕೆ ಹೊರಟಾಗ ತನ್ನ ಜೋಡಿಯನ್ನು ನಮ್ಮಲ್ಲಿ ಬಿಟ್ಟರು. ನೀಲಿ ಬೆನ್ನು, ಹಳದಿ ಎದೆಯ ಮಕಾವ್. ಕೊಕ್ಕಿನಿಂದ ಬಾಲದ ತುದಿವರೆಗೆ ಎರಡೂಮುಕ್ಕಾಲು ಅಡಿ ಉದ್ದ, ತೂಕ ಸುಮಾರು ಒಂದು ಕಿಲೋ. ಇವುಗಳ ತವರು ಬ್ರೆಜಿಲ್, ಪೆರು, ಬೊಲಿವಿಯದಂಥ ದಕ್ಷಿಣ ಅಮೆರಿಕದ ದೇಶಗಳು. ಅಲ್ಲಿ ಜೌಗು ನೆಲದಲ್ಲಿ ಸತ್ತು ನಿಂತ ತಾಳೆಜಾತಿಯ ಮರದ ಪೊಟರೆಯಲ್ಲಿ ಮೊಟ್ಟೆ ಇಡುತ್ತವೆ. ನಮ್ಮಲ್ಲಿ ಸತ್ತ ತೆಂಗಿನಮರದಲ್ಲಿ ಗಿಳಿಗಳು ಮನೆ ಮಾಡುತ್ತವಲ್ಲ, ಹಾಗೆಯೇ. ನಾವು ಇವಕ್ಕೆ ಪೊಟರೆಯ ಬದಲು ದಪ್ಪ ಹಲಗೆಯ ಪೆಟ್ಟಿಗೆ ಕಟ್ಟಿ ಕೊಟ್ಟಿದ್ದೇವೆ.

ಮೂರನೆಯದಕ್ಕೆ ಏಕೆ ಸಿಗುವುದಿಲ್ಲ?

ಐದು ವರ್ಷ ಸುಮ್ಮನಿದ್ದ ಜೋಡಿ 2024ರ ಮೇ ತಿಂಗಳಲ್ಲಿ ಮೂರು ಮೊಟ್ಟೆ ಇಟ್ಟಿತು. ಮೊಟ್ಟೆಗಳ ನಡುವೆ ಎರಡು ಮೂರು ದಿನಗಳ ಅಂತರ ಇರುತ್ತದೆ. ಮೊದಲ ಮೊಟ್ಟೆ ಇಟ್ಟ ಸುರುವಿಗೇ ಕಾವು ಕೊಡಲು ಕೂರುವುದರಿಂದ ಮರಿಗಳೂ ಅದೇ ಅಂತರದಲ್ಲಿ ಹೊರಬರುತ್ತವೆ. ಕಾವು 26ರಿಂದ 28 ದಿನ. ಹುಟ್ಟುವಾಗ ಮರಿಯ ತೂಕ 20-25 ಗ್ರಾಂ, ಅಂದರೆ ಒಂದು ಹಣ್ಣಡಿಕೆಯಷ್ಟು. ಕಣ್ಣು ಮುಚ್ಚಿರುತ್ತದೆ, ಮೈಮೇಲೆ ಗರಿ ಇಲ್ಲ. ಕೋಳಿಮರಿಯ ಹಾಗೆ ಮೊದಲ ದಿನವೇ ಹೆಕ್ಕಿ ತಿನ್ನುವ ಜಾತಿ ಇದಲ್ಲ. ಮೂರು ತಿಂಗಳು ತಂದೆತಾಯಿ ಕಕ್ಕಿ ಕೊಟ್ಟದ್ದೇ ಆಹಾರ.

ಮೊದಲು ಹುಟ್ಟಿದ ಮರಿ ನಾಲ್ಕೇ ದಿನಗಳಲ್ಲಿ ಗಾತ್ರದಲ್ಲಿ ದುಪ್ಪಟ್ಟಾಗುತ್ತದೆ. ಕತ್ತು ಎತ್ತಿ ಗಟ್ಟಿಯಾಗಿ ಬೇಡುವವನಿಗೆ ತುತ್ತು. ಕೊನೆಯದು ಕೆಳಗೆ ಸಿಕ್ಕಿಬೀಳುತ್ತದೆ. ಇದು ಗೂಡಿನಲ್ಲಿಟ್ಟ ಹಕ್ಕಿಗಳ ದೋಷವಲ್ಲ, ಕಾಡಿನಲ್ಲಿಯೂ ಹೀಗೆಯೇ. ಪೆರು ದೇಶದ ತಂಬೊಪಾಟ ಎಂಬಲ್ಲಿ ಕೆಂಪು ಮಕಾವ್‌ಗಳ ಗೂಡುಗಳನ್ನು ಸಂಶೋಧಕರು ದಶಕಗಳಿಂದ ನೋಡುತ್ತಿದ್ದಾರೆ. ಅಲ್ಲಿ 1999ರಿಂದ 2016ರವರೆಗೆ ಹುಟ್ಟಿದ ಮರಿಗಳಲ್ಲಿ 100ಕ್ಕೆ 19 ಸತ್ತದ್ದು ಹಸಿವಿನಿಂದ. ಅದೂ ಅಣ್ಣಂದಿರು ಬದುಕಿರುವಾಗ, ತಂದೆತಾಯಿ ಪಕ್ಕದಲ್ಲೇ ಇರುವಾಗ.

ನಮ್ಮ ಪೆಟ್ಟಿಗೆಗೆ ಹಿಂದಿನಿಂದ ಸಣ್ಣ ಬಾಗಿಲು ಇದೆ. ದೊಡ್ಡ ಹಕ್ಕಿಗಳು ತಿನ್ನಲು ಹೊರಬಂದಾಗ ಮರಿಗಳನ್ನು ತೂಗಬಹುದು. ಹುಟ್ಟಿದ 11ನೇ ದಿನ ಮೂರನೆಯ ಮರಿಯ ತೂಕ 52 ಗ್ರಾಂ. ಆ ಪ್ರಾಯಕ್ಕೆ 90-100 ಗ್ರಾಂ ಆದರೂ ಬೇಕಿತ್ತು. ತಲೆ ದೊಡ್ಡದು, ಮೈ ಸಪೂರ. ಕಾಲಬೆರಳು, ರೆಕ್ಕೆ, ಪೃಷ್ಠ ಈ ಮೂರು ಕಡೆ ಮಾಂಸ ಇದ್ದರೆ ಮರಿಗೆ ಆಹಾರ ಸಿಗುತ್ತಿದೆ ಎಂದು ಲೆಕ್ಕ. ಇದಕ್ಕೆ ಮೂರು ಕಡೆಯೂ ಚರ್ಮ ಸುಕ್ಕಾಗಿ, ಕೆಂಪಾಗಿ, ಒಣಗಿತ್ತು. ಒಣಚರ್ಮ ನೀರು ಸಾಲದ್ದರ ಗುರುತು. ಇನ್ನೆರಡು ದಿನ ಬಿಟ್ಟರೆ ಉಳಿಯುವುದಿಲ್ಲ ಎಂದು ಕಂಡಿತು. ಭಾವ ಫೋನಿನಲ್ಲಿ ಪರಿಚಯಿಸಿದ ಬೆಂಗಳೂರಿನ ಪಕ್ಷಿವೈದ್ಯರೊಬ್ಬರು, "ಹೊರಗೆ ತೆಗೀರಿ. ಆದರೆ ತೆಗೆದ ಮೇಲೆ ಮೂರು ಗಂಟೆಗೊಮ್ಮೆ ಏಳಬೇಕು, ಆಗ್ತದಾ?" ಎಂದು ಕೇಳಿದರು. ಮನೆಯಾಕೆಯ ಮುಖ ನೋಡಿದೆ. "ಕರುವಿಗೆ ಎದ್ದಿಲ್ವಾ ನಾವು?" ಎಂದಳು.

ಮೊದಲು ಬಿಸಿ, ಆಮೇಲೆ ತುತ್ತು

ತಣ್ಣಗಾದ ಮರಿಗೆ ತಿನ್ನಿಸಬಾರದು. ಮೈ ತಣ್ಣಗಿದ್ದರೆ ಹೊಟ್ಟೆ ಕೆಲಸ ಮಾಡುವುದಿಲ್ಲ, ಕೊಟ್ಟದ್ದು ಒಳಗೇ ಹುಳಿಯುತ್ತದೆ. ಹಾಗಾಗಿ ಮೊದಲ ಕೆಲಸ ಬ್ರೂಡರ್.

ಪ್ಲೈವುಡ್ಡಿನ ಪೆಟ್ಟಿಗೆಯ ಒಂದು ಬದಿಗೆ 25 ವಾಟ್‌ನ ಎರಡು ಹಳೇ ನಮೂನೆಯ ಬಲ್ಬು ಹಾಕಿ, ಮರಿಗೆ ತಾಗದಂತೆ ತೂತು ಕೊರೆದ ತಗಡು ಮುಚ್ಚಿದೆ. ಎಲ್‌ಇಡಿ ಬಲ್ಬು ಇದಕ್ಕೆ ಆಗದು, ಅದರಲ್ಲಿ ಬಿಸಿ ಇಲ್ಲ. ಎರಡು ಏಕೆಂದರೆ ಒಂದು ಸುಟ್ಟರೂ ಇನ್ನೊಂದು ಇರುತ್ತದೆ. ಉಷ್ಣತೆ ಹಿಡಿದಿಡುವ ಥರ್ಮೋಸ್ಟಾಟ್ ಒಂದು, ಮರಿಯ ಮಟ್ಟದಲ್ಲೇ ಇಟ್ಟ ಥರ್ಮಾಮೀಟರ್ ಒಂದು. ಗರಿಯಿಲ್ಲದ ಆ ಮರಿಗೆ 33-34 ಡಿಗ್ರಿ ಸೆಲ್ಸಿಯಸ್ ಇಟ್ಟೆವು. ಆಗತಾನೆ ಹುಟ್ಟಿದ್ದಾದರೆ 35-36 ಬೇಕು. ಗರಿಯ ಮೊಳಕೆ ಬಂದಾಗ 29-30, ಮೈತುಂಬಾ ಗರಿ ಬಂದ ಮೇಲೆ ನಮ್ಮ ಮನೆಯೊಳಗಿನ ಹವೆಯೇ ಸಾಕು. ಅಂಕಿಗಿಂತ ಮರಿಯೇ ಚೆನ್ನಾಗಿ ಹೇಳುತ್ತದೆ. ಬಾಯಿ ತೆರೆದು ಏದುಸಿರು ಬಿಟ್ಟು ರೆಕ್ಕೆ ಚಾಚಿದರೆ ಬಿಸಿ ಹೆಚ್ಚಾಗಿದೆ. ಮುದುಡಿ ನಡುಗಿದರೆ, ಕಾಲು ತಣ್ಣಗಿದ್ದರೆ ಬಿಸಿ ಸಾಲದು.

ಅಡಿಗೆ ದಪ್ಪ ಟವೆಲ್, ಅದರ ಮೇಲೆ ಹಳೇ ಹತ್ತಿಬಟ್ಟೆ. ಬರೀ ಕಾಗದ ಹಾಕಿದರೆ ಕಾಲು ಜಾರಿ ಬದಿಗೆ ಹೋಗುತ್ತದೆ, ಮತ್ತೆ ನೇರವಾಗುವುದು ಕಷ್ಟ. ಮರದ ಹೊಟ್ಟು ಹಾಕಿದರೆ ನುಂಗುತ್ತದೆ. ಪೆಟ್ಟಿಗೆಯನ್ನು ಬಚ್ಚಲೊಲೆಯ ಹೊಗೆ ಬರದ ಕೋಣೆಯಲ್ಲಿಡಬೇಕು. ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದರೆ ಬರುವ ಹೊಗೆಯಂತೂ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲುತ್ತದೆ. ಆ ಎರಡು ಕಾವಲಿಗಳು ಅಂದಿನಿಂದ ಅಟ್ಟ ಸೇರಿವೆ.

ತುತ್ತಿನ ಹದ

ಮೊದಲ ಎರಡು ಸಲ ವೈದ್ಯರು ಹೇಳಿದಂತೆ ಹದಬಿಸಿಯ ಲವಣದ ನೀರು ಮಾತ್ರ. ಮೂರನೆಯ ಸಲದಿಂದ ಗಿಳಿಮರಿಗಳಿಗಾಗಿಯೇ ಮಾಡಿದ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಕೊಟ್ಟೆವು. ಈ ಪುಡಿಯ ಒಂದು ಕಿಲೋಗೆ ನಮ್ಮ ಒಂದು ಕಿಲೋ ಅಡಿಕೆಗಿಂತ ಹೆಚ್ಚು ಬೆಲೆ. "ರಾಗಿ ಮಣ್ಣಿ ಸಾಲದಾ? ಹಾಲು ಕೊಟ್ಟರಾಗದಾ?" ಎಂದು ಅಮ್ಮ ಕೇಳಿದರು. ಆಗದು. ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಹಕ್ಕಿಗಳಿಗಿಲ್ಲ. ಬರೀ ಧಾನ್ಯದ ಗಂಜಿಯಲ್ಲಿ ಸುಣ್ಣದ ಅಂಶ, ಸಸಾರಜನಕ ಸಾಲದೆ ಎಲುಬು ಬಾಗುತ್ತದೆ.

ಗಮನಿಸಬೇಕಾದ ನಾಲ್ಕು ಸಂಗತಿಗಳು ಹೀಗಿವೆ.

ಬಿಸಿ: ತುತ್ತು 39ರಿಂದ 41 ಡಿಗ್ರಿ ಇರಬೇಕು. 38ಕ್ಕಿಂತ ಕೆಳಗಿಳಿದರೆ ಮರಿ ಬೇಡವೆನ್ನುತ್ತದೆ, ತಿಂದರೂ ಬೇಗ ಕರಗದು. 43 ದಾಟಿದರೆ ಒಳಗೆ ಸುಡುತ್ತದೆ. ಸುಟ್ಟದ್ದು ಆ ದಿನ ಗೊತ್ತೇ ಆಗದು. ವಾರ ಕಳೆದು ಗಂಟಲ ಕೆಳಗೆ ತೂತಾಗಿ ತುತ್ತು ಹೊರಗೆ ಸೋರುವಾಗ ಗೊತ್ತಾಗುತ್ತದೆ. ಮೈಕ್ರೋವೇವಿನಲ್ಲಿ ಬಿಸಿ ಮಾಡಿದರೆ ಒಂದು ಕಡೆ ತಣ್ಣಗೆ, ಒಂದು ಕಡೆ ಕುದಿ. ಕೈಬೆರಳಿನ ಅಂದಾಜು ಬೇಡ, ಥರ್ಮಾಮೀಟರ್ ಅದ್ದಿ ನೋಡಿ.

ದಪ್ಪ: ಸಣ್ಣ ಮರಿಗೆ ಮಜ್ಜಿಗೆಯಷ್ಟು ತೆಳ್ಳಗೆ. ಎರಡು ವಾರ ಕಳೆದ ಮೇಲೆ ನೀರುದೋಸೆ ಹಿಟ್ಟಿನಷ್ಟು, ತಿಂಗಳಾದ ಮೇಲೆ ಉದ್ದಿನದೋಸೆ ಹಿಟ್ಟಿನಷ್ಟು. ಒಂದು ಸಲ ಕಲಸಿದ್ದು ಉಳಿದರೆ ಚೆಲ್ಲಬೇಕು. ಮತ್ತೆ ಬಿಸಿ ಮಾಡಿ ಕೊಡಬಾರದು.

ಪ್ರಮಾಣ: ಒಂದು ಸಲಕ್ಕೆ ಮೈತೂಕದ ಹತ್ತನೇ ಒಂದು ಪಾಲು. 52 ಗ್ರಾಂ ಮರಿಗೆ 5 ಮಿ.ಲೀ. ಪ್ರತಿದಿನ ಬೆಳಗ್ಗಿನ ತೂಕ ನೋಡಿ ಆ ದಿನದ ಅಳತೆ.

ಕೊಡುವ ಕ್ರಮ: ಮರಿಯ ಎಡಬದಿಯಿಂದ ಬಾಯಿಗಿಟ್ಟು ಅದರ ಬಲಬದಿಗೆ ಹೋಗುವಂತೆ ಕೊಡಬೇಕು, ಅನ್ನನಾಳ ಬಲಕ್ಕಿದೆ. ಕೊಕ್ಕಿನ ಬುಡ ಮೆಲ್ಲ ಮುಟ್ಟಿದರೆ ಮರಿ ತಲೆಯನ್ನು ಮೇಲೆ ಕೆಳಗೆ ಆಡಿಸಿ ಬೇಡುತ್ತದೆ. ಆಡಿಸುವಾಗ ಮಾತ್ರ ಕೊಡಿ, ಆಗ ಶ್ವಾಸನಾಳ ಮುಚ್ಚಿರುತ್ತದೆ. ನಿಲ್ಲಿಸಿದರೆ ನಾವೂ ನಿಲ್ಲಿಸಬೇಕು. ಒತ್ತಾಯದಿಂದ ಹಾಕಿದ ಒಂದು ತೊಟ್ಟು ಶ್ವಾಸಕೋಶಕ್ಕೆ ಹೋದರೆ ಮರಿ ಹೋಯಿತು. ನಾವು ಸುರುವಿಗೆ ಸೂಜಿ ತೆಗೆದ ಸಿರಿಂಜ್ ಬಳಸಿದೆವು. ಆಮೇಲೆ ಎರಡೂ ಅಂಚು ಮೇಲಕ್ಕೆ ಬಾಗಿಸಿದ ಸ್ಟೀಲ್ ಚಮಚ ಹಿಡಿಸಿತು. ಚಮಚದಲ್ಲಿ ನಿಧಾನ, ಆದರೆ ಅಪಾಯ ಕಡಿಮೆ.

ಕೆಲವರು ತಾವೇ ಅಗಿದು ಬಾಯಿಂದ ಬಾಯಿಗೆ ಕೊಡುವುದುಂಟು. ದಯವಿಟ್ಟು ಬೇಡ. ನಮ್ಮ ಎಂಜಲಿನ ರೋಗಾಣುಗಳು ಮರಿಗೆ ಆಗುವುದಿಲ್ಲ. ಗಿಳಿಗಳಿಂದ ಮನುಷ್ಯರಿಗೆ ಬರುವ ಜ್ವರವೂ ಇದೆ, ಅದು ನ್ಯುಮೋನಿಯಾಕ್ಕೆ ತಿರುಗುತ್ತದೆ. ಮುಟ್ಟುವ ಮೊದಲೂ ಆಮೇಲೂ ಸಾಬೂನು ಹಾಕಿ ಕೈ ತೊಳೆಯಬೇಕು. ಸಿರಿಂಜ್, ಚಮಚ, ಲೋಟವನ್ನು ಪ್ರತಿ ಸಲ ಕುದಿಯುವ ನೀರಿನಲ್ಲಿ ತೊಳೆದಿಡಬೇಕು.

ಗಂಟಲಚೀಲವೆಂಬ ಗಡಿಯಾರ

ಸಂಜೆ ಗೂಡು ಸೇರುವ ಕೋಳಿಯ ಕುತ್ತಿಗೆಯ ಕೆಳಗೆ ಮುಟ್ಟಿದರೆ ತಿಂದ ಅಕ್ಕಿ ಕೈಗೆ ಸಿಗುತ್ತದಲ್ಲ, ಅದೇ ಗಂಟಲಚೀಲ. ಮಕಾವ್ ಮರಿಯಲ್ಲಿ ತೆಳು ಚರ್ಮದೊಳಗೆ ಅದು ಕಣ್ಣಿಗೇ ಕಾಣುತ್ತದೆ. ತುತ್ತು ಕೊಟ್ಟಾಗ ಬಲೂನಿನಂತೆ ಉಬ್ಬಿ, ಮೂರು ಗಂಟೆಗಳಲ್ಲಿ ಬಹುಮಟ್ಟಿಗೆ ಇಳಿಯಬೇಕು. 24 ಗಂಟೆಗಳಲ್ಲಿ ಒಮ್ಮೆಯಾದರೂ ಪೂರ್ತಿ ಖಾಲಿಯಾಗಲೇಬೇಕು. ಹಾಗೆ ಆಗದಿದ್ದರೆ ಹಳೆಯದರ ಮೇಲೆ ಹೊಸದು ಬಿದ್ದು ಹುಳಿಯುತ್ತದೆ, ಬೂಸ್ಟು ಹಿಡಿಯುತ್ತದೆ.

ತೂಕ ನೋಡುವ ಹೊತ್ತು ಬೆಳಗ್ಗೆ, ಮೊದಲ ತುತ್ತಿನ ಮೊದಲು, ಚೀಲ ಖಾಲಿ ಇರುವಾಗ. ಅಡಿಗೆಮನೆಯ ಒಂದು ಗ್ರಾಂ ವ್ಯತ್ಯಾಸ ತೋರಿಸುವ ತಕ್ಕಡಿ ಸಾಕು. ಸಣ್ಣ ಬುಟ್ಟಿಯಲ್ಲಿ ಬಟ್ಟೆ ಹಾಕಿ ಮೊದಲು ಅದನ್ನು ಸೊನ್ನೆ ಮಾಡಿಕೊಂಡರಾಯಿತು.

ಮೊದಲ ದಿನದ 52 ಗ್ರಾಂ ಮರುದಿನ 53. ಒಂದೇ ಒಂದು ಗ್ರಾಂ. 13ನೇ ದಿನ 57, 14ಕ್ಕೆ 63, 18ಕ್ಕೆ 104. ಹೊಟ್ಟೆ ತುಂಬಿದ್ದು ಮೈಗೆ ಹತ್ತತೊಡಗಿತು ಎಂದು ಸಮಾಧಾನ. ಆಗ ಬಂತು 20ನೇ ದಿನ.

ತಕ್ಕಡಿಯೂ ಸುಳ್ಳು ಹೇಳಿದ ದಿನ

ಜುಲೈಯ ಗಾಳಿಮಳೆ. ಸಂಜೆ ಏಳಕ್ಕೆ ಕರೆಂಟು ಹೋಯಿತು. ತೋಟದಾಚೆ ಎಲ್ಲೋ ಮರ ಬಿದ್ದು ತಂತಿ ಕಡಿದಿತ್ತು. ಇನ್ವರ್ಟರ್ ಮಧ್ಯರಾತ್ರಿಯ ತುತ್ತಿನವರೆಗೂ ಎಳೆಯಿತು. ಅದಾಗಿ ಮೂರು ಗಂಟೆಗೆ ಎದ್ದು ನೋಡುವಾಗ ಬಲ್ಬು ಆರಿ, ಬ್ರೂಡರಿನೊಳಗೆ 26 ಡಿಗ್ರಿ. ಮಧ್ಯರಾತ್ರಿ ಕೊಟ್ಟ ತುತ್ತು ಚೀಲದಲ್ಲಿ ಹಾಗೆಯೇ ಇತ್ತು. ಮರಿಯ ಕಾಲು ತಣ್ಣಗೆ. ತಲೆ ಆಡಿಸಲೂ ಇಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಬಚ್ಚಲ ಹಂಡೆಯಲ್ಲಿ ಬಿಸಿನೀರಿಗೆ ಬರ ಇಲ್ಲ. ನಾಲ್ಕು ಗಾಜಿನ ಬಾಟಲಿಗಳಿಗೆ ತುಂಬಿಸಿ, ಬಟ್ಟೆ ಸುತ್ತಿ ಮರಿಯ ಎರಡು ಬದಿಗೆ ಇಟ್ಟೆವು. ಬ್ರೂಡರನ್ನೇ ದೊಡ್ಡ ರಟ್ಟಿನ ಪೆಟ್ಟಿಗೆಯೊಳಗೆ ಇಳಿಸಿ, ಸುತ್ತ ಬೈಹುಲ್ಲು ತುಂಬಿ, ಗಾಳಿಯಾಡಲು ಮೇಲೆ ಸ್ವಲ್ಪ ಜಾಗ ಬಿಟ್ಟೆವು. ಮುಕ್ಕಾಲು ಗಂಟೆಗೊಮ್ಮೆ ಎರಡೆರಡು ಬಾಟಲಿ ಬದಲಾವಣೆ. ನಾಲ್ಕೂವರೆಗೆ 33 ಡಿಗ್ರಿಗೆ ಬಂತು.

ಆರು ಗಂಟೆಗೆ ತೂಗಿದಾಗ 121 ಗ್ರಾಂ. ಹಿಂದಿನ ದಿನ 112. ಅಂಕಿ ನೋಡಿದರೆ 9 ಗ್ರಾಂ ಏರಿದೆ! ಆದರೆ ಅದು ಮರಿಯ ತೂಕವಲ್ಲ, ಚೀಲದಲ್ಲಿ ನಿಂತ ತುತ್ತಿನ ತೂಕ. ಖಾಲಿ ಚೀಲದಲ್ಲೇ ತೂಗಬೇಕೆಂಬ ನಿಯಮದ ಬೆಲೆ ಆಗ ತಿಳಿಯಿತು. ಪುಸ್ತಕದಲ್ಲಿ ಬರೀ ಅಂಕಿ ಬರೆದವನು ಖುಷಿಪಟ್ಟು ಇನ್ನೊಂದು ತುತ್ತು ಕೊಟ್ಟಾನು.

ಮನೆಯಲ್ಲಿ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕೊಡೆ ಹಿಡಿದು ಗುಡ್ಡೆ ಹತ್ತಿ ವೈದ್ಯರಿಗೆ ಫೋನ್ ಮಾಡಿದೆ. ಅವರು ಹೇಳಿದ್ದು ಇಷ್ಟು: "ಹೊಸ ತುತ್ತು ಕೊಡಬೇಡಿ. ಬಿಸಿ ಬಿಡಬೇಡಿ. 2-3 ಮಿ.ಲೀ. ಹದಬಿಸಿ ನೀರು ಕೊಟ್ಟು ಚೀಲವನ್ನು ಬೆರಳ ತುದಿಯಲ್ಲಿ ಬಹಳ ಮೆಲ್ಲ ಉಜ್ಜಿ. ತಲೆಕೆಳಗೆ ಮಾಡಿ ಹಿಂಡುವ ಕೆಲಸ ಬೇಡ, ಉಸಿರು ಕಟ್ಟುತ್ತದೆ. ಮಧ್ಯಾಹ್ನಕ್ಕೂ ಇಳಿಯದಿದ್ದರೆ ನಳಿಗೆ ಹಾಕಿ ತೆಗೀಬೇಕು, ಹೊರಟು ಬನ್ನಿ."

ಬೆಂಗಳೂರಿಗೆ ಹೊರಟರೆ ಅಷ್ಟು ಹೊತ್ತು ಬಿಸಿ ಹಿಡಿದಿಡುವುದು ಹೇಗೆ? ಆ ಮಳೆಗೆ ಘಾಟಿ ರಸ್ತೆ ತೆರೆದಿದೆಯಾ? ಹೀಗೆ ಚರ್ಚೆ ಆಗುತ್ತಿರುವಾಗ ಮನೆಯಾಕೆ ಎರಡು ಸಲ ನೀರು ಕೊಟ್ಟು ಉಜ್ಜುತ್ತಾ ಕೂತಿದ್ದಳು. ಹತ್ತೂವರೆಗೆ, "ಬನ್ನಿ, ಹಿಕ್ಕೆ ಹಾಕಿತು!" ಎಂದು ಕರೆದಳು. ಹಟ್ಟಿಯಿಂದ ಓಡಿಬಂದೆ. ಚೀಲ ಜೋಲುಬಿದ್ದಿತ್ತು. ಖಾಲಿ ಚೀಲದ ತೂಕ 109. ಅಂದರೆ ಒಂದು ರಾತ್ರಿಯಲ್ಲಿ 3 ಗ್ರಾಂ ಕಳೆದಿತ್ತು. ಮುಂದಿನ ಮೂರು ತುತ್ತು ಮಜ್ಜಿಗೆಯಷ್ಟು ತೆಳ್ಳಗೆ, ಅರ್ಧ ಪ್ರಮಾಣ. 21ನೇ ದಿನ 112, 22ಕ್ಕೆ 122. ಕರೆಂಟು ಬಂದದ್ದು 20ನೇ ದಿನ ಸಂಜೆ. ಆಮೇಲೆ ಮಳೆಗಾಲ ಮುಗಿಯುವವರೆಗೆ ನಾಲ್ಕು ಬಾಟಲಿ, ಒಂದು ಕಟ್ಟು ಬೈಹುಲ್ಲು ಬ್ರೂಡರಿನ ಪಕ್ಕದಲ್ಲೇ ಇತ್ತು.

ಬೆಳವಣಿಗೆಯ ಪಟ್ಟಿ

ನಮ್ಮ ಪುಸ್ತಕದ ಕೆಲವು ಅಂಕಿಗಳು ಹೀಗಿವೆ. ಇದು ಸೊರಗಿ ಬಂದ ಮರಿಯದ್ದು ಎಂಬುದು ನೆನಪಿರಲಿ.

11ನೇ ದಿನ: 52 ಗ್ರಾಂ
18ನೇ ದಿನ: 104 ಗ್ರಾಂ
25ನೇ ದಿನ: 172 ಗ್ರಾಂ
32ನೇ ದಿನ: 320 ಗ್ರಾಂ
46ನೇ ದಿನ: 640 ಗ್ರಾಂ
60ನೇ ದಿನ: 845 ಗ್ರಾಂ
74ನೇ ದಿನ: 905 ಗ್ರಾಂ
88ನೇ ದಿನ: 850 ಗ್ರಾಂ

ಕೊನೆಯ ಸಾಲು ನೋಡಿ ಗಾಬರಿ ಬೇಡ. ಹಾರುವ ಪ್ರಾಯ ಹತ್ತಿರವಾದಾಗ ಮರಿ ತಾನಾಗಿಯೇ ಸ್ವಲ್ಪ ಇಳಿಯುತ್ತದೆ. ತುತ್ತನ್ನು ತಳ್ಳುತ್ತದೆ, ರೆಕ್ಕೆ ಬಡಿಯುತ್ತದೆ. ಇಳಿಕೆ ಹತ್ತನೇ ಒಂದು ಪಾಲಿನೊಳಗೆ ಇದ್ದು ಮರಿ ಚುರುಕಾಗಿದ್ದರೆ ಅದು ಆರೋಗ್ಯವೇ. ಆದರೆ ಮೊದಲ ತಿಂಗಳಲ್ಲಿ ಒಂದೇ ದಿನ ತೂಕ ನಿಂತರೂ ಕಾರಣ ಹುಡುಕಬೇಕು. ಬಿಸಿ ಸಾಲದಾ, ತುತ್ತು ತೀರಾ ತೆಳ್ಳಗಾಯಿತಾ, ಚೀಲ ಖಾಲಿಯಾಗುತ್ತಿದೆಯಾ ಎಂದು.

ತೂಕದ ಜತೆಗೆ ನೋಡಬೇಕಾದ ಬೇರೆ ಗುರುತುಗಳೂ ಇವೆ. ಎರಡು ಮೂರು ವಾರಗಳ ನಡುವೆ ಕಣ್ಣು ಬಿಡಬೇಕು. ಚರ್ಮ ಹಳದಿಮಿಶ್ರಿತ ಗುಲಾಬಿ, ಮೆತ್ತಗೆ ಇರಬೇಕು. ಹಿಕ್ಕೆಯಲ್ಲಿ ಬಿಳಿಯ ಭಾಗ ಬಿಳಿಯೇ ಇರಬೇಕು, ಹಸಿರು ಹಳದಿಗೆ ತಿರುಗಿದರೆ ವೈದ್ಯರಿಗೆ ತಿಳಿಸಬೇಕು. ಗರಿ ಬಂದ ಮೇಲೆ ಅದನ್ನು ಬೆಳಕಿಗೆ ಹಿಡಿದು ನೋಡಿ. ಬೆಳೆಯುವಾಗ ಸಂಕಟಪಟ್ಟ ದಿನಗಳಿದ್ದರೆ ಗರಿಯಲ್ಲಿ ಅಡ್ಡಗೆರೆ ಉಳಿಯುತ್ತದೆ. ನಮ್ಮ ಮರಿಯ ಮೊದಲ ರೆಕ್ಕೆಗರಿಗಳಲ್ಲಿ ಅಂಥ ಸಣ್ಣ ಗೆರೆಗಳಿದ್ದವು. ತೂಕದ ಪುಸ್ತಕ ಕಳೆದುಹೋದರೂ ಮರಿಯ ಮೈಮೇಲೆ ಬರೆದಿರುತ್ತದೆ ಎನ್ನಿ.

ಕೈತುತ್ತು ಬಿಡಿಸುವುದು

ಸುರುವಿಗೆ ದಿನಕ್ಕೆ 8 ಸಲ. 25ನೇ ದಿನದಿಂದ 5, 40ರಿಂದ 4, 60ರಿಂದ 3, 75ರಿಂದ 2, ನೂರನೇ ದಿನದಿಂದ ರಾತ್ರಿ ಒಂದೇ ತುತ್ತು. 123ನೇ ದಿನ ಕೊನೆಯದು. ಕೂಡಿಸಿ ನೋಡಿದೆ, 386 ಸಲ. ಕಲಸಿ, ತಿನ್ನಿಸಿ, ತೊಳೆದಿಡಲು ಒಂದೊಂದಕ್ಕೆ ಅರ್ಧ ಗಂಟೆ ಹಿಡಿದರೂ 193 ಗಂಟೆ.

ಬಿಡಿಸುವ ಅವಸರ ಬೇಡ. ಎರಡು ತಿಂಗಳಾದಾಗಿನಿಂದಲೇ ಬೇಯಿಸಿದ ಜೋಳ, ಮೊಳಕೆಬರಿಸಿದ ಹೆಸರು, ಪಪ್ಪಾಯಿ, ಬಾಳೆಹಣ್ಣು, ಎಳೆ ತೆಂಗಿನಕಾಯಿಯ ತುಂಡು ಎದುರಿಗಿಟ್ಟೆವು. ಮೊದಲು ಆಟ, ಆಮೇಲೆ ಊಟ. ಹಸಿವಿನಿಂದ ಕೂಗುವ ಮರಿಗೆ ತುತ್ತು ನಿಲ್ಲಿಸಿ ಕಲಿಸುತ್ತೇನೆ ಎನ್ನಬಾರದು. ಬೆಣ್ಣೆಹಣ್ಣು, ಚಾಕಲೇಟು, ಚಾ, ಕಾಫಿ, ಉಪ್ಪಿನ ತಿಂಡಿ ಗಿಳಿಗಳಿಗೆ ವಿಷ. ಕಡಿದು ಆಡಲು ಕೊಂಬೆ ಕೊಡುವುದಾದರೆ ಬೋರ್ಡೋ ಸಿಂಪಡಿಸಿದ ತೋಟದ್ದನ್ನು ತರಬೇಡಿ, ಮೈಲುತುತ್ತು ಹೊಟ್ಟೆಗೆ ಹೋಗುತ್ತದೆ.

ಐವತ್ತನೇ ದಿನದಿಂದ ನಾವು ಮರಿಯ ಪೆಟ್ಟಿಗೆಯನ್ನು ದೊಡ್ಡ ಗೂಡಿನ ಪಕ್ಕದಲ್ಲೇ ಇಡುತ್ತಿದ್ದೆವು. ತನ್ನ ಜಾತಿಯ ಸ್ವರ ಕೇಳಬೇಕು, ಅವುಗಳ ನಡೆನುಡಿ ಕಾಣಬೇಕು. ಮನುಷ್ಯರನ್ನೇ ತನ್ನವರೆಂದು ತಿಳಿದು ಬೆಳೆದ ಮಕಾವ್ ಮುಂದೆ ಜೋಡಿಯಾಗಲು ಒಪ್ಪದೆ, ಒಂಟಿ ಬಿಟ್ಟಾಗ ತನ್ನ ಗರಿಯನ್ನೇ ಕಿತ್ತುಕೊಳ್ಳುವುದುಂಟು. ಇದರ ಆಯುಸ್ಸು ಐವತ್ತು ವರ್ಷದ ಮೇಲೆ. ನನಗೀಗ ನಲವತ್ತೆಂಟು. ನನ್ನ ನಂತರ ಯಾರು ಎಂಬ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಇದಕ್ಕೆ ಕೈ ಹಾಕಬೇಕು.

ಕಾನೂನು ತಿಳಿದಿರಲಿ

ಇದು ಪರದೇಶದ ಹಕ್ಕಿ, ಯಾರು ಕೇಳುತ್ತಾರೆ ಎನ್ನುವ ಕಾಲ ಹೋಯಿತು. 2020ರಲ್ಲಿ ಕೇಂದ್ರ ಸರಕಾರ ಇಂಥ ಜೀವಿಗಳನ್ನು ಇಟ್ಟುಕೊಂಡವರು ಸ್ವಯಂ ಘೋಷಣೆ ಮಾಡಲು ಅವಕಾಶ ಕೊಟ್ಟಿತು. ನಾವು ಆಗಲೇ ಮಾಡಿದ್ದೆವು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ತಿದ್ದುಪಡಿ ಆಗಿ, 2023ರ ಎಪ್ರಿಲ್ 1ರಿಂದ ಜಾರಿಯಾಯಿತು. ಮಕಾವ್‌ಗಳು ಈಗ ಅದರ ನಾಲ್ಕನೇ ಪಟ್ಟಿಯ ವ್ಯಾಪ್ತಿಗೆ ಬರುತ್ತವೆ. 2024ರ ಫೆಬ್ರವರಿಯ ನಿಯಮಗಳಂತೆ 'ಪರಿವೇಶ್' ಜಾಲತಾಣದ ಮೂಲಕ ನೋಂದಾಯಿಸಬೇಕು. ಮರಿ ಹುಟ್ಟಿದ್ದು, ಕೈಬದಲಾದದ್ದು, ಸತ್ತದ್ದು ಎಲ್ಲವನ್ನೂ ತಿಳಿಸಬೇಕು. ಮರಿಗೆ ಮೂರು ವಾರ ಆಗುವಾಗ ಕಾಲಿಗೆ ಅಂಕಿ ಇರುವ ಮುಚ್ಚಿದ ಉಂಗುರ ಹಾಕುತ್ತಾರೆ. ತಡವಾದರೆ ಪಾದ ದೊಡ್ಡದಾಗಿ ಅದು ದಾಟುವುದಿಲ್ಲ. ಕಾಗದಪತ್ರ ಇಲ್ಲದ ಮಕಾವನ್ನು ಯಾರೇ ಅಗ್ಗಕ್ಕೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ನಮ್ಮೂರಿನ ಗಿಳಿಗಳ ವಿಷಯ ಬೇರೆ. ತೆಂಗಿನಮರ ಕಡಿಯುವಾಗ ಪೊಟರೆಯಲ್ಲಿ ಮರಿ ಸಿಕ್ಕಿದರೆ ಸಾಕಲು ತರುವಂತಿಲ್ಲ, 1972ರ ಕಾಯಿದೆಯಡಿ ಅದು ಅಪರಾಧ. ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಕಿ ಬೆಚ್ಚಗಿಟ್ಟು, ಅರಣ್ಯ ಇಲಾಖೆಗೆ ತಿಳಿಸಿ. ಹಾಲು, ಅನ್ನ ತುರುಕಬೇಡಿ. ಎಲ್ಲಕ್ಕಿಂತ ಒಳ್ಳೆಯದು, ಮರ ಕಡಿಯುವ ಮೊದಲು ಪೊಟರೆ ನೋಡಿಕೊಳ್ಳುವುದು. ಒಂದೆರಡು ತಿಂಗಳು ತಡೆದರೆ ಮರಿಗಳು ಹಾರಿಹೋಗುತ್ತವೆ.

ಎರಡನೇ ವರ್ಷ ಮಾಡಿದ್ದು

ತಂಬೊಪಾಟದವರು ಹಸಿವಿನಿಂದ ಸಾಯುವ ಮರಿಗಳಿಗೆ ಒಂದು ಉಪಾಯ ಮಾಡಿದರು. 2017ರಿಂದ 2019ರವರೆಗೆ ಅಂಥ 28 ಮರಿಗಳನ್ನು ಎತ್ತಿ, ಮರಿ ಇಲ್ಲದ ಅಥವಾ ಒಂದೇ ಮರಿ ಇರುವ ಬೇರೆ ಮಕಾವ್‌ಗಳ ಗೂಡಿಗೆ ಸೇರಿಸಿದರು. ಎಲ್ಲವನ್ನೂ ಸಾಕುತಂದೆತಾಯಿ ಒಪ್ಪಿಕೊಂಡರು. 100ಕ್ಕೆ 89 ಮರಿಗಳು ಗೂಡಿನಿಂದ ಹಾರಿದವು. ಹಸಿವಿನ ಸಾವು 100ಕ್ಕೆ 19ರಿಂದ 4ಕ್ಕೆ ಇಳಿಯಿತು. ಮರಿಯನ್ನು ಬೆಳೆಸಲು ಮನುಷ್ಯನ ಚಮಚಕ್ಕಿಂತ ಹಕ್ಕಿಯ ಕೊಕ್ಕೇ ಮೇಲು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ನಮ್ಮಲ್ಲಿರುವುದು ಒಂದೇ ಜೋಡಿ, ಬೇರೆ ಗೂಡಿಗೆ ದಾಟಿಸುವಂತಿಲ್ಲ. 2025ರಲ್ಲಿ ಮತ್ತೆ ಮೂರು ಮರಿ ಆದಾಗ ಬೇರೆ ಕ್ರಮ ಅನುಸರಿಸಿದೆವು. ಐದನೇ ದಿನದಿಂದಲೇ ಮೂರನ್ನೂ ದಿನಬಿಟ್ಟು ದಿನ ತೂಗಿದೆವು. ಮೂರನೆಯದರ ಏರಿಕೆ ನಿಧಾನವಾದ ಕೂಡಲೇ, ಅದನ್ನಲ್ಲ, ದೊಡ್ಡದನ್ನು ಹೊರಗೆ ತೆಗೆದೆವು. ದೊಡ್ಡದಕ್ಕೆ ಆಗ 18 ದಿನ, 220 ಗ್ರಾಂ. ಗಟ್ಟಿಮರಿಯಾದ್ದರಿಂದ ರಾತ್ರಿ ಮೂರು ಗಂಟೆಯ ತುತ್ತು ಬೇಕಾಗಲಿಲ್ಲ, ದಿನಕ್ಕೆ ಆರೇ ಸಲ ಸಾಕಾಯಿತು. ಸಣ್ಣದಕ್ಕೆ ಗೂಡಿನಲ್ಲಿ ಜಾಗವೂ ಆಯಿತು, ತುತ್ತೂ ಸಿಕ್ಕಿತು. ಎರಡು ದಿನಗಳಲ್ಲೇ ಅದರ ಅಂಕಿ ಏರತೊಡಗಿತು. 90 ದಿನ ಆದಾಗ ತಂದೆತಾಯಿಯ ಕೈಯಲ್ಲೇ ಬೆಳೆದು ಹೊರಬಂತು.

ಲಾಭದ ಲೆಕ್ಕ ಹಾಕಿ ಇದಕ್ಕಿಳಿಯುವ ಸಣ್ಣ ಹಿಡುವಳಿದಾರರಿಗೆ ನನ್ನ ಸಲಹೆ, ಬೇಡ. ನಾಲ್ಕು ತಿಂಗಳು ಮನೆಯಿಂದ ಇಬ್ಬರೂ ಒಟ್ಟಿಗೆ ಒಂದು ಮದುವೆಗೂ ಹೋಗಲಾಗುವುದಿಲ್ಲ. ಮಳೆಗಾಲದ ಕರೆಂಟು, ಸಿಗದ ಪಕ್ಷಿವೈದ್ಯರು, ಕಾಗದಪತ್ರ ಎಲ್ಲ ಜತೆಗಿದೆ. ಆದರೆ ಏನಾದರೂ ಕಾರಣಕ್ಕೆ ಹೊಣೆ ಮೈಮೇಲೆ ಬಂದರೆ, ಪುಡಿ ಕೊಳ್ಳುವ ಮೊದಲು ಮೂರು ವಸ್ತು ತನ್ನಿ: ಒಂದು ಗ್ರಾಂ ತೋರಿಸುವ ತಕ್ಕಡಿ, ಒಂದು ಥರ್ಮಾಮೀಟರ್, ಒಂದು ನೂರು ಪುಟದ ಪುಸ್ತಕ. ನಮ್ಮ ಪುಸ್ತಕದಲ್ಲಿ ಈಗ ಮಕಾವ್ ಜತೆಗೆ ಹಟ್ಟಿಯ ಕರುವಿನದ್ದೂ ಒಂದು ಪುಟ ಸುರುವಾಗಿದೆ. ಅದಕ್ಕೆ ತಕ್ಕಡಿ ಸಾಲದು, ಎದೆಯ ಸುತ್ತಳತೆಯನ್ನು ಟೇಪಿನಲ್ಲಿ ವಾರಕ್ಕೊಮ್ಮೆ ಬರೆದಿಡುತ್ತಿದ್ದೇವೆ.